ಮಾಳವದ ಗಿಳಿಗಳ ಬೆನ್ನು ಹತ್ತಿ

ರತ್ಲಾಮಿನಲ್ಲಿ ರೈಲು ಇಳಿದಾಗ ಇನ್ನೂ ನಸುಗತ್ತಲು. ಶಿವರಾತ್ರಿ ಬಂದರೆ ಚಳಿ ಶಿವಶಿವಾ ಎಂದು ಹೊರಟುಹೋಗುತ್ತದೆ ಎಂಬ ನಮ್ಮೂರಿನ ಲೆಕ್ಕ ಮಾಳವದಲ್ಲಿ ನಡೆಯುವುದಿಲ್ಲ. ಫೆಬ್ರವರಿ ಮುಗಿಯುತ್ತ ಬಂದರೂ ಪ್ಲಾಟ್‌ಫಾರಂ ಮೇಲಿನವರೆಲ್ಲ ಕಂಬಳಿ ಹೊದ್ದೇ ನಿಂತಿದ್ದಾರೆ. ನಿಲ್ದಾಣದ ಹೊರಗೆ ಹಬೆಯಾಡುವ ಅವಲಕ್ಕಿ, ಅದರ ಮೇಲೆ ಒಂದು ಹಿಡಿ ಖಾರದ ಸೇವ್, ಪಕ್ಕದಲ್ಲೇ ಬಿಸಿ ಜಿಲೇಬಿ. ಬೆಳಗಿನ ತಿಂಡಿಗೆ ಜಿಲೇಬಿಯೇ ಎಂದು ಅನುಮಾನದಿಂದ ಶುರು ಮಾಡಿದ್ದು ಎರಡನೇ ತಟ್ಟೆಗೆ ಹೋಗಿ ನಿಂತಿತು. ಅಂಗಡಿಯವನಿಗೆ ನಾನು ಎಲ್ಲಿಗೆ ಹೊರಟಿದ್ದೇನೆಂದು ತಿಳಿಯಬೇಕು. ಗಿಳಿ ನೋಡಲು ಮಂದಸೌರ್, ನೀಮಚ್ ಕಡೆ ಎಂದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ನಶೆಬಾಜ್ ಗಿಳಿಗಳು ತಾನೆ? ಹೋಗಿ ಭಿಯಾ, ಇದೇ ಅವುಗಳ ಕಾಲ" ಎಂದು ಇನ್ನೊಂದು ಸೌಟು ಸೇವ್ ಸುರಿದ.

ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶ, ಈ ಮೂರು ರಾಜ್ಯಗಳಲ್ಲಿ ಮಾತ್ರ ಸರ್ಕಾರದ ಪಟ್ಟಾ ಪಡೆದು ಅಫೀಮು ಬೆಳೆಯಬಹುದು. ಅದರಲ್ಲೂ ಮಂದಸೌರ್, ನೀಮಚ್, ಚಿತ್ತೋಡಗಢದ ಸುತ್ತಿನ ಸೀಮೆಯೇ ಈ ಬೆಳೆಯ ತವರು. ಇಲ್ಲಿನ ಗಿಳಿಗಳು ಅಫೀಮಿನ ಕಾಯಿಗೆ ಮುಗಿಬೀಳುತ್ತವೆ, ತಿಂದು ಕೊಂಬೆಯ ಮೇಲೆ ತೂಕಡಿಸುತ್ತವೆ, ಕೆಲವು ಉದುರಿ ಬೀಳುತ್ತವೆ ಎಂದು ಕೆಲವು ವರ್ಷಗಳಿಂದ ಪತ್ರಿಕೆಗಳಲ್ಲಿ ಓದುತ್ತಿದ್ದೆ. ಅಮಲಿನ ಪದಾರ್ಥ ಪ್ರಾಣಿಯ ಮಿದುಳಿಗೆ ಏನು ಮಾಡುತ್ತದೆ ಎಂದು ನಾವು ತಿಳಿದಿರುವುದರಲ್ಲಿ ಹೆಚ್ಚಿನದು ಪ್ರಯೋಗಶಾಲೆಯ ಪಂಜರಗಳಿಂದ ಬಂದದ್ದು. ಬಯಲಿನಲ್ಲಿ, ತನ್ನ ಹಿಂಡಿನ ನಡುವೆ, ತನಗೆ ಬೇಕಾದಾಗ ಬಂದು ಬೇಕಾದಾಗ ಹೋಗುವ ಹಕ್ಕಿಯನ್ನು ನೋಡಬೇಕೆಂಬ ಆಸೆ ನನ್ನದು.

ಮಂದಸೌರ್ ಬರುವುದು ಮೂಗಿಗೇ ಗೊತ್ತಾಗುತ್ತದೆ. ಇದು ಬೆಳ್ಳುಳ್ಳಿಯ ದೊಡ್ಡ ಮಂಡಿ. ರೈಲಿನ ಡಬ್ಬಿಯೊಳಗೆ ಮೂಟೆಗಳು, ಮೂಟೆಗಳ ಮೇಲೆ ಜನ, ಕಾಲಿಡಲು ಜಾಗವಿಲ್ಲ. ಇಳಿದ ಮೇಲೂ ಆ ವಾಸನೆ ಅಂಗಿಯನ್ನು ಬಿಟ್ಟು ಹೋಗಲಿಲ್ಲ. ಶಿವನಾ ನದಿಯ ದಡದಲ್ಲಿ ಎಂಟು ಮುಖದ ಪಶುಪತಿನಾಥನಿಗೆ ಕೈಮುಗಿದು ಖಾನ್‌ಪುರಾ ಬೀದಿಗೆ ಬಂದರೆ ಅಲ್ಲೊಂದು ಹಿರಿದಾದ ರಾವಣ! ಮಂಡೋದರಿಯ ತವರು ಈ ಊರೇ ಎಂದು ನಂಬುವ ಇಲ್ಲಿನ ನಾಮದೇವ ಸಮಾಜದವರಿಗೆ ರಾವಣ ಮನೆಯ ಅಳಿಯ. ಹಾಗಾಗಿ ಹೆಂಗಸರು ಆ ಪ್ರತಿಮೆಯ ಮುಂದೆ ಸೆರಗು ಮುಖಕ್ಕೆ ಎಳೆದುಕೊಂಡೇ ಹಾದುಹೋಗುತ್ತಾರೆ. ನೋಡುತ್ತ ನಿಂತವನನ್ನು ಆಟೋದವನು ಎರಡು ಸಲ ಕೂಗಿ ಕರೆಯಬೇಕಾಯಿತು.

ನೀಮಚ್ ದಾರಿಯಲ್ಲಿ ಒಂದು ಹಳ್ಳಿ. ಪರಿಚಯದವರ ಪರಿಚಯದಿಂದ ಒಬ್ಬ ರೈತನ ಹೊಲದ ಬದುವಿನವರೆಗೆ ಬರಲು ಅನುಮತಿ ಸಿಕ್ಕಿದೆ. ಹೊಲದೊಳಗೆ ಕಾಲಿಡುವಂತಿಲ್ಲ. ಗೋಧಿಯ ಹಸಿರಿನ ನಡುವೆ ಹತ್ತು ಆರಿಯ ಪುಟ್ಟ ತುಂಡು, ಅಂದರೆ ಹೆಕ್ಟೇರಿನ ಹತ್ತನೇ ಒಂದು ಪಾಲು. ತಡವಾಗಿ ಬಿತ್ತಿದ ಅಂಚಿನಲ್ಲಿ ಇನ್ನೂ ಬಿಳಿ ಹೂಗಳಿವೆ, ಕಾಗದದಷ್ಟು ತೆಳು. ಉಳಿದೆಡೆ ದಳ ಉದುರಿ ಕಾಯಿಗಳು ನಿಂತಿವೆ. ನಿಂಬೆಗಾತ್ರದ ತಿಳಿಹಸಿರು ಗುಂಡು, ತಲೆಯ ಮೇಲೆ ಕಿರೀಟ. ಇದರ ಹೊಟ್ಟೆಯೊಳಗಿನ ಬೀಜವೇ ನಮ್ಮ ಗಸಗಸೆ. ಹುಟ್ಟಿದಾಗಿನಿಂದ ಹಬ್ಬಹಬ್ಬಕ್ಕೂ ಗಸಗಸೆ ಪಾಯಸ ಕುಡಿದು, ಉಂಡೆದ್ದು ಜಗುಲಿಯಲ್ಲಿ ನಿದ್ದೆ ತೆಗೆದವನು ನಾನು. ಅದರ ಗಿಡವನ್ನು ಕಣ್ಣಾರೆ ನೋಡಿದ್ದು ಇದೇ ಮೊದಲು. ಬೀಜದೊಳಗೆ ಅಮಲಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಇರುವಷ್ಟೂ ಕಾಯಿಯ ಹಾಲು ಸೋಕಿ ಅಂಟಿಕೊಂಡದ್ದು. ಸರಕೆಲ್ಲ ಇರುವುದು ಕಾಯಿಯ ಗೋಡೆಯಲ್ಲಿ ಹರಿಯುವ ಆ ಹಾಲಿನಲ್ಲಿ.

ಮಧ್ಯಾಹ್ನ ಇಳಿಯುತ್ತಿದ್ದಂತೆ ಕೆಲಸ ಶುರುವಾಗುತ್ತದೆ. ಹಂಗಾಮಿನ ಮೊದಲ ದಿನ ಕಾಳಿಕಾ ಮಾತೆಗೆ ಪೂಜೆ ಮಾಡಿ ತೆಂಗಿನಕಾಯಿ ಒಡೆದೇ ಕೈಹಚ್ಚುವುದು. ಮನೆಮಂದಿಯೆಲ್ಲ ಸಾಲಿನಲ್ಲಿ ಹಿಂದೆ ಹಿಂದೆ ಸರಿಯುತ್ತ, ಹಲವು ಮೊನೆಗಳ ಒಂದು ಪುಟ್ಟ ಚಾಕುವಿನಿಂದ ಪ್ರತಿ ಕಾಯಿಗೂ ಮೇಲಿಂದ ಕೆಳಕ್ಕೆ ಗೀರು ಎಳೆಯುತ್ತಾರೆ. ಇದಕ್ಕೆ ಚೀರಾ ಎಂದು ಹೆಸರು. ಗೀರು ತೀರ ಆಳವಾದರೆ ಹಾಲು ಒಳಗೆ ಸೋರಿ ಬೀಜ ಕೆಡುತ್ತದೆ, ತೆಳುವಾದರೆ ಹಾಲೇ ಬರುವುದಿಲ್ಲ. ಗೀರಿದೊಡನೆ ಬಿಳಿಯ ಹನಿಗಳು ಸಾಲಾಗಿ ಮೂಡುತ್ತವೆ. ರಾತ್ರಿಯ ತಂಪಿಗೆ ಗಟ್ಟಿಯಾಗಿ, ಬೆಳಗಾಗುವಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗುತ್ತವೆ. ಬಿಸಿಲೇರುವ ಮೊದಲು ಅದನ್ನು ಕೆರೆದು ಡಬ್ಬಿಗೆ ತುಂಬಬೇಕು. ಊರವರು ಕಾಲಾ ಸೋನಾ ಎನ್ನುವ ಕಪ್ಪು ಬಂಗಾರ ಇದು. ಇದರಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ಮಾರ್ಫಿನ್. ಪ್ರತಿ ಗ್ರಾಂ ಲೆಕ್ಕವೂ ನಾರ್ಕೋಟಿಕ್ಸ್ ಬ್ಯೂರೋಗೆ ಕೊಡಬೇಕು. ಹೆಕ್ಟೇರಿಗೆ ಇಷ್ಟು ಮಾರ್ಫಿನ್ ಎಂಬ ಮಿತಿಗೆ ಕಡಿಮೆ ಬಿದ್ದರೆ ಮುಂದಿನ ವರ್ಷದ ಪಟ್ಟಾಕ್ಕೇ ಕುತ್ತು. ಗಿಳಿ ತಿಂದಿತು ಎಂದರೆ ಯಾವ ಅಧಿಕಾರಿಯೂ ಕಾಯಿ ಎಣಿಸಿ ಮಾಫಿ ಮಾಡುವುದಿಲ್ಲ.

ಗಿಳಿಗಳು ಬಂದದ್ದು ನನಗೆ ಗೊತ್ತೇ ಆಗಲಿಲ್ಲ. ನಮ್ಮೂರಿನಲ್ಲಿ ಜೋಳದ ಹೊಲಕ್ಕೆ ಗಿಳಿ ಬಿದ್ದರೆ ಅರ್ಧ ಊರಿಗೆ ಕೇಳುವಂತೆ ಕಿರುಚುತ್ತವೆ. ನಾನು ಆ ಸದ್ದಿಗೇ ಕಿವಿಗೊಟ್ಟು ಕೂತಿದ್ದೆ. "ಅಗೋ, ಬಂದವು" ಎಂದು ರೈತನ ಹೆಂಡತಿ ತಟ್ಟೆ ಬಾರಿಸಿದಾಗ ಬೇವಿನ ಮರದಿಂದ ಏಳೆಂಟು ಹಸಿರು ಗೆರೆಗಳು ನೆಲಕ್ಕೆ ಅಂಟಿದಂತೆ ಹೊಲದೊಳಗೆ ನುಗ್ಗಿದವು. ಚಕಾರವಿಲ್ಲ. ಒಂದೊಂದೂ ಒಂದೊಂದು ದಂಟಿಗೆ ಜೋತುಬಿದ್ದು, ಕೊಕ್ಕಿನಿಂದ ಕಾಯಿಯ ಕೊರಳು ಕತ್ತರಿಸಿ, ಇಡೀ ಕಾಯಿಯನ್ನೇ ಕಚ್ಚಿಕೊಂಡು ಎದ್ದವು. ಹೊಲದ ಗಡಿ ದಾಟಿದ ಮೇಲೆಯೇ ಗಲಾಟೆ. "ನೋಡಿದಿರಾ ಭಿಯಾ, ಕಳ್ಳತನಕ್ಕೆ ಬರುವಾಗ ಬಾಯಿ ಮುಚ್ಚಿಕೊಳ್ಳುವುದನ್ನು ಕಲಿತಿವೆ. ನಮ್ಮಪ್ಪನ ಕಾಲದಲ್ಲಿ ಕೂಗುತ್ತಲೇ ಬರುತ್ತಿದ್ದವಂತೆ" ಎಂದ ರೈತ. ಪಟಾಕಿ, ಡಬ್ಬ, ಧ್ವನಿವರ್ಧಕ ಎಲ್ಲವನ್ನೂ ಮಾಡಿ ನೋಡಿ ಈಗ ಹೊಲದ ಮೇಲೆ ಬಲೆ ಕಟ್ಟಿದ್ದಾನೆ. ಬಲೆಗೂ ಬೇಲಿಗೂ ನಡುವೆ ಉಳಿದ ಅಂಗೈಯಗಲದ ಸಂದಿಯೇ ಅವುಗಳ ಹೆಬ್ಬಾಗಿಲು. ರಾತ್ರಿ ರೋಜಡಾಗಳ ಪಾಳಿ. ನೀಲಗಾಯಿಗೆ ಇಲ್ಲಿಯ ಹೆಸರು ಅದು. ಕುದುರೆಯೆತ್ತರದ ಮೈ ನಡೆದುಹೋದ ಕಡೆ ತಿನ್ನುವುದಕ್ಕಿಂತ ತುಳಿದು ಹಾಳಾಗುವುದೇ ಹೆಚ್ಚು.

ಬೇವಿನ ಮರದಡಿ ಹೋಗಿ ನೋಡಿದೆ. ತಿಂದು ಬಿಸಾಡಿದ ಕಾಯಿಗಳು ಬಿದ್ದಿದ್ದವು. ಒಂದನ್ನು ಎತ್ತಿಕೊಳ್ಳಲು ಬಗ್ಗಿದರೆ ರೈತ ತಡೆದ: ಬರಿಯ ತೊಗಟೆಯಾದರೂ ಕಾನೂನು ಬೇರೆ, ಜೇಬಿನಲ್ಲಿ ಸಿಕ್ಕರೆ ತೊಂದರೆ. ಹಾಗಾಗಿ ಕೈ ಹಿಂದೆ ಕಟ್ಟಿಕೊಂಡೇ ಪರೀಕ್ಷೆ. ಎಲ್ಲ ಕಾಯಿಗಳೂ ಬದಿಯಲ್ಲಿ ತೂತಾಗಿ, ಒಳಗಿನ ಬೀಜ ಪೂರ್ತಿ ಖಾಲಿಯಾಗಿದೆ. ಹಾಲಿರುವ ಸಿಪ್ಪೆಯನ್ನು ಬಹುಮಟ್ಟಿಗೆ ಉಗಿದುಬಿಟ್ಟಿವೆ! ಗಸಗಸೆಯಲ್ಲಿ ಅರ್ಧದಷ್ಟು ಎಣ್ಣೆ. ಚಳಿ ಮುಗಿದು ಮರಿ ಮಾಡುವ ಕಾಲದಲ್ಲಿ ಯಾವ ಹಕ್ಕಿ ಅಂಥ ಊಟ ಬಿಟ್ಟೀತು? ಬೀಜಕ್ಕಾಗಿ ಬರುತ್ತವೋ ಏನೋ ಎಂದೆ. ರೈತ ನಕ್ಕ. "ಬೀಜಕ್ಕಾದರೆ ಪಕ್ಕದಲ್ಲೇ ಸಾಸಿವೆ ಇದೆ, ಗೋಧಿ ಇದೆ. ಅದನ್ನೆಲ್ಲ ದಾಟಿ ಇಲ್ಲಿಗೇ ಯಾಕೆ ಬರುತ್ತವೆ, ನೀವೇ ಹೇಳಿ." ನನ್ನ ಬಳಿ ಆಗ ಉತ್ತರವಿರಲಿಲ್ಲ.

ನೀಮಚ್. ಕೇಂದ್ರ ಮೀಸಲು ಪೊಲೀಸ್ ಪಡೆ 1939ರಲ್ಲಿ ಹುಟ್ಟಿದ ದಂಡಿನ ಊರು. ಸರ್ಕಾರದ ಅಫೀಮು ಮತ್ತು ಆಲ್ಕಲಾಯ್ಡ್ ಕಾರ್ಖಾನೆಯೂ ಇಲ್ಲಿದೆ. ಉಳಿದುಕೊಂಡ ವಸತಿಗೃಹದ ಕೆಳಗೇ ಮದುವೆಯ ಮಂಟಪವಿದ್ದುದರಿಂದ ರಾತ್ರಿಯಿಡೀ ಡಿಜೆ. ಕಿಟಕಿಯ ಗಾಜು ತಾಳಕ್ಕೆ ಸರಿಯಾಗಿ ಅದುರುತ್ತಿತ್ತು. ನಿದ್ದೆ ಬಾರದೆ ಕೆಳಗಿಳಿದರೆ ವರನ ಕಡೆಯವರು ಕೈಹಿಡಿದು ಕೂರಿಸಿ ದಾಲ್ ಬಾಟಿ ಬಡಿಸಿದರು. ತುಪ್ಪದಲ್ಲಿ ಮುಳುಗಿದ ಬಾಟಿಯನ್ನು ಪುಡಿ ಮಾಡಿ ಕಲಸುವ ರೀತಿಯನ್ನು ಒಬ್ಬ ಅಜ್ಜಿ ಹೇಳಿಕೊಟ್ಟರು. ಆ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು ಪಶುವೈದ್ಯರು ಎಂದು ತಿಳಿದಾಗ ನನ್ನ ಸಂತೋಷಕ್ಕೆ ಪಾರವಿಲ್ಲ. ಮರುದಿನ ಅವರ ದವಾಖಾನೆಯಲ್ಲಿ ಚಹಾ ಕುಡಿಯುತ್ತ ಕೂತದ್ದು ಈ ಪ್ರವಾಸದ ಅತಿ ಸೊಗಸಾದ ಬೆಳಗು.

"ಗಿಳಿಗೆ ರೆಕ್ಕೆ ಮುರಿದರೆ ನೋವಿಗೆ ಏನು ಕೊಡುತ್ತಾರೆ ಗೊತ್ತೆ?" ಎಂದು ಅವರೇ ಕೇಳಿದರು. ಮಾರ್ಫಿನ್ ಇರಬೇಕು ಎಂದೆ. "ಅಲ್ಲ. ನಮ್ಮ ಪಾಠದಲ್ಲಿ ಗಿಳಿಗೆ ಮೊದಲು ನೆನಪಾಗುವುದು ಬ್ಯುಟಾರ್ಫನಾಲ್. ಬೀಗ ಬೇರೆ, ಸಾಹೇಬರೇ."

ಆ ಬೀಗದ ಕಥೆ ಹೀಗೆ. 1973ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕ್ಯಾಂಡೇಸ್ ಪರ್ಟ್, ಸಾಲೊಮನ್ ಸ್ನೈಡರ್ ಇಬ್ಬರೂ ಸೇರಿ ಮಿದುಳಿನ ಜೀವಕೋಶಗಳ ಮೇಲೆ ಅಫೀಮಿನ ಅಂಶ ಹೋಗಿ ಕೂರುವ ಗ್ರಾಹಕಗಳನ್ನು ತೋರಿಸಿಕೊಟ್ಟರು. ಗಸಗಸೆ ಗಿಡದ ಹಾಲಿಗೆಂದು ಮಿದುಳಿನಲ್ಲಿ ಜಾಗ ಯಾಕಿರಬೇಕು? ಎರಡು ವರ್ಷದಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕಾಸ್ಟರ್ಲಿಟ್ಜ್ ಉತ್ತರ ಕಂಡರು. ಮಿದುಳು ತಾನೇ ತಯಾರಿಸುವ ಎನ್‌ಕೆಫಲಿನ್ ಎಂಬ ನೋವುಶಾಮಕಕ್ಕೆ ಇದ್ದ ಬೀಗಗಳು ಅವು. ಗಿಡದ ಕೀಲಿಕೈ ಅದಕ್ಕೆ ಹೊಂದಿಕೊಂಡಿತು ಅಷ್ಟೆ. ಮೀನು, ಕಪ್ಪೆ, ಹಕ್ಕಿ, ಹಸು, ಮನುಷ್ಯ, ಬೆನ್ನುಮೂಳೆಯಿರುವ ಎಲ್ಲರಲ್ಲೂ ಈ ಬೀಗಗಳಿವೆ. ಮ್ಯೂ, ಡೆಲ್ಟಾ, ಕಾಪ್ಪಾ ಎಂದು ಮುಖ್ಯವಾಗಿ ಮೂರು ಬಗೆ. ಮಾರ್ಫಿನ್ ಕೊಡುವ ಸುಖದ ತೇಲಾಟ ಮ್ಯೂ ಬೀಗದ್ದು. ಕಾಪ್ಪಾ ತೆರೆದರೆ ಮನುಷ್ಯನಿಗೆ ನೋವು ತಗ್ಗಬಹುದು, ಮಂಪರು ಬರಬಹುದು, ಆದರೆ ಮನಸ್ಸಿಗೆ ಹಿತವಲ್ಲ, ಕಸಿವಿಸಿ. ಪಾರಿವಾಳದ ಮುಮ್ಮೆದುಳನ್ನು ಪರೀಕ್ಷಿಸಿದಾಗ ಅಲ್ಲಿನ ಬೀಗಗಳಲ್ಲಿ ಮುಕ್ಕಾಲು ಪಾಲು ಕಾಪ್ಪಾ ಬಗೆಯವೇ ಆಗಿದ್ದವು! ಗಿಳಿಗಳಿಗೆ ಕಾಪ್ಪಾದ ಮೇಲೆ ಕೆಲಸ ಮಾಡುವ ಬ್ಯುಟಾರ್ಫನಾಲ್ ಹಿಡಿಸುವುದೂ ಇದಕ್ಕೆ ಹೊಂದುತ್ತದೆ. ಅಂದಮೇಲೆ ಬೇವಿನ ಕೊಂಬೆಯ ಮೇಲೆ ತೂಕಡಿಸುವ ಗಿಳಿ ಅಫೀಮು ತಿಂದ ಮನುಷ್ಯನಂತೆಯೇ ಸುಖಿಸುತ್ತಿದೆ ಎಂದು ನಾವು ಸಲೀಸಾಗಿ ಹೇಳಿಬಿಡುವಂತಿಲ್ಲ.

ವೈದ್ಯರು ಇನ್ನೂ ಎರಡು ಸಂಗತಿ ಹೇಳಿದರು. ಅವನ್ನು ಕೇಳಿದಾಗಿನಿಂದ ನನಗೆ ಹಕ್ಕಿಯ ಕೂಗು ಬೇರೆಯಾಗಿಯೇ ಕೇಳಿಸುತ್ತಿದೆ. 1970ರ ದಶಕದಲ್ಲಿ ಯಾಕ್ ಪ್ಯಾಂಕ್‌ಸೆಪ್ ಎಂಬ ವಿಜ್ಞಾನಿ, ತಾಯಿಯಿಂದ, ಒಡಹುಟ್ಟುಗಳಿಂದ ಬೇರೆಯಾಗಿ ಅಳುವ ನಾಯಿಮರಿಗಳಿಗೂ ಕೋಳಿಮರಿಗಳಿಗೂ ನಿದ್ದೆ ತರಿಸಲೂ ಸಾಲದಷ್ಟು ಸಣ್ಣ ಪ್ರಮಾಣದ ಮಾರ್ಫಿನ್ ಕೊಟ್ಟರು. ಅಳು ನಿಂತಿತು. ತಾಯ ರೆಕ್ಕೆಯಡಿ ಸೇರಿದ ನೆಮ್ಮದಿಗೂ ಇದೇ ಬೀಗ ಎಂಬುದು ಅವರ ವಾದ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲಾರೆನ್ ರೈಟರ್ಸ್ ಅವರ ಕೆಲಸ ಮೈನಾದ ಬಳಗಕ್ಕೆ ಸೇರಿದ ಸ್ಟಾರ್ಲಿಂಗ್ ಹಕ್ಕಿಗಳ ಮೇಲೆ. ಇವು ಚಳಿಗಾಲದಲ್ಲಿ ಹಿಂಡು ಕಟ್ಟಿಕೊಂಡು, ಯಾರನ್ನೂ ಮೆಚ್ಚಿಸುವ ಉದ್ದೇಶವಿಲ್ಲದೆ, ಸುಮ್ಮನೆ ಹಾಡುತ್ತವೆ. ಹಾಗೆ ಹಾಡಿದ ಕೂಡಲೇ ಹಕ್ಕಿಯನ್ನು ಒಂದು ಗೊತ್ತಾದ ಜಾಗದಲ್ಲಿ ಬಿಟ್ಟರೆ, ಮುಂದೆ ಅದು ಆ ಜಾಗವನ್ನೇ ಹುಡುಕಿಕೊಂಡು ಹೋಗುತ್ತದೆ. ಹೆಣ್ಣನ್ನು ಒಲಿಸಲು ಹಾಡಿದ ಹಾಡಿಗೆ ಈ ಫಲವಿಲ್ಲ. ಹಿಂಡಿನ ಹಾಡಿನ ಹಿಂದೆ ಹಕ್ಕಿಯ ಮಿದುಳಿನದೇ ಅಫೀಮು ಕೆಲಸ ಮಾಡುತ್ತದೆ ಎಂಬುದಕ್ಕೆ ಅವರು ಒಂದರ ಮೇಲೊಂದು ಆಧಾರ ಒದಗಿಸಿದ್ದಾರೆ. ಹೊಲದ ಗಡಿ ದಾಟಿದೊಡನೆ ಆ ಗಿಳಿಗಳು ಎಬ್ಬಿಸಿದ ಗದ್ದಲವನ್ನು ನೆನೆದುಕೊಂಡೆ.

ಚಿತ್ತೋಡಗಢಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಸೀಟಿನಡಿ ಒಂದು ಮೇಕೆಮರಿ ಇತ್ತು. ದಾರಿಯುದ್ದಕ್ಕೂ ನನ್ನ ಷೂ ಲಾಡಿ ಅದರ ಬಾಯಲ್ಲಿ. ಮಂಡಫಿಯಾದಲ್ಲಿ ಇಳಿದು ಸಾಂವಲಿಯಾ ಸೇಠ್ ದರ್ಶನ. ಕಪ್ಪು ಕೃಷ್ಣ ಇಲ್ಲಿ ಸೇಠ್, ಅಂದರೆ ಸಾಹುಕಾರ. ಭಕ್ತರು ಅವನನ್ನು ವ್ಯಾಪಾರದಲ್ಲಿ ಪಾಲುದಾರನೆಂದೇ ಎಣಿಸಿ ಲಾಭದಲ್ಲಿ ಅವನ ಭಾಗ ತಂದು ಹುಂಡಿಗೆ ಹಾಕುತ್ತಾರೆ. ಅಫೀಮು ಬೆಳೆಗಾರರು ಬೆಳೆ ಚೆನ್ನಾಗಿ ಬಂದರೆ ಬೆಳ್ಳಿಯಲ್ಲಿ ಮಾಡಿಸಿದ ಅಫೀಮಿನ ಗಿಡ ಒಪ್ಪಿಸುವುದುಂಟು: ದಂಟು, ಎಲೆ, ತುದಿಗೆ ಕಿರೀಟದ ಕಾಯಿ ಸಮೇತ. ನಮ್ಮ ಕಡೆ ಬೆಳ್ಳಿಯ ಕಣ್ಣು, ತೊಟ್ಟಿಲು ಒಪ್ಪಿಸುವುದನ್ನು ಕಂಡವನಿಗೆ ಈ ಹರಕೆ ಅಚ್ಚರಿಯೂ ಹೌದು, ಪರಿಚಿತವೂ ಹೌದು.

ಗುಡಿಯಿಂದ ಮೂರು ಹೊಲದಾಚೆ ನನಗೆ ಕಾಣಬೇಕಾದದ್ದು ಕಂಡಿತು. ಜಾಲಿಯ ಗಿಡದ ತಗ್ಗಿನ ಕೊಂಬೆಯಲ್ಲಿ ಒಂದು ಹೆಣ್ಣು ಗಿಳಿ, ಕೊರಳಿಗೆ ಕಪ್ಪು ಪಟ್ಟಿಯಿಲ್ಲ. ರೆಪ್ಪೆ ಮುಚ್ಚುತ್ತದೆ, ತೆರೆಯುತ್ತದೆ. ಹತ್ತಿರ ಹೋದರೂ ಹಾರುವುದಿಲ್ಲ. ಹುಡುಗರು "ಟುನ್ನ್, ಟುನ್ನ್" ಎಂದು ಕುಣಿಯುತ್ತಿದ್ದಾರೆ. ಕುಡಿದು ತೂರಾಡುವವನಿಗೆ ಈ ಕಡೆ ಅನ್ನುವ ಮಾತು ಅದು. ಆಗ ನನ್ನ ಗಮನಕ್ಕೆ ಬಂದದ್ದು ಮೇಲಿನ ಕೊಂಬೆಯಲ್ಲಿ ಕೂತ ಎರಡು ಕಾಗೆ. ತಪ್ಪಿ ಬೀಳುವುದಕ್ಕೇ ಅವು ಕಾಯುತ್ತಿವೆ. ಕಾಡಿನ ಹಕ್ಕಿಗೆ ಅಮಲು ಎಂದರೆ ಇದು. ಹಿಡಿದ ಕೊಂಬೆ ಸಡಿಲಿದರೆ ಜೀವವೇ ಹೋಯಿತು. ಹುಡುಗರನ್ನು ಕಡಲೆ ಕೊಟ್ಟು ಕೂರಿಸಿ ನಾವೆಲ್ಲ ಕಾವಲು ಕಾದೆವು. ಬಹಳ ಹೊತ್ತಿನ ಮೇಲೆ ಗಿಳಿ ಮೈ ಕೊಡವಿ, ಗರಿ ತಿದ್ದಿಕೊಂಡು, ದೂರದ ಹಿಂಡಿನ ಕೂಗಿಗೆ ಓಗೊಟ್ಟು ಹಾರಿತು. ಹುಡುಗರು ಚಪ್ಪಾಳೆ ತಟ್ಟಿದರು. ಅದು ಹೋದದ್ದು ಅಫೀಮಿನ ಹೊಲದ ಕಡೆಗಲ್ಲ, ಊರ ಅರಳಿಮರದ ಕಡೆಗೆ.

ಇಂಥ ನೋಟ ಭಾರತಕ್ಕೇ ಮೀಸಲಲ್ಲ. ಔಷಧಕ್ಕಾಗಿ ಇದೇ ಗಿಡ ಬೆಳೆಯುವ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ, ಕಾಂಗರೂವಿನ ತಮ್ಮನಂತಿರುವ ವಾಲಬಿಗಳು ಹೊಲಕ್ಕೆ ನುಗ್ಗಿ ಕಾಯಿ ತಿಂದು ಸುತ್ತುಸುತ್ತು ತಿರುಗಿ ಬೀಳುತ್ತವೆ ಎಂದು ಅಲ್ಲಿನ ಅಟಾರ್ನಿ ಜನರಲ್ ಲಾರಾ ಗಿಡ್ಡಿಂಗ್ಸ್ 2009ರಲ್ಲಿ ಸಂಸತ್ತಿನ ವಿಚಾರಣೆಯಲ್ಲಿ ಹೇಳಿದ್ದರು.

ಪೂರ್ವಕ್ಕೆ ರೈಲು. ಕಾಯ್ದಿರಿಸಿದ ನನ್ನ ಬರ್ತಿನಲ್ಲಿ ಆಗಲೇ ಒಂದು ಸಂಸಾರ ನೆಲೆಸಿತ್ತು. ಮೂಲೆಯಲ್ಲಿ ನನಗೊಂದು ಜಾಗ ಬಿಟ್ಟುಕೊಟ್ಟು, ಪೂರಿಯನ್ನೂ ಕೊಟ್ಟರು. ಅವರ ಮಕ್ಕಳು ನನ್ನ ಭುಜಕ್ಕೆ ಒರಗಿ ಮಲಗಿದ ಮೇಲೆ ಬ್ರೂಸ್ ಅಲೆಕ್ಸಾಂಡರ್ ನೆನಪಾದರು. 1970ರ ದಶಕದ ಕೊನೆಗೆ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಅವರು ಇಲಿಗಳಿಗೊಂದು ಉದ್ಯಾನ ಕಟ್ಟಿದರು. ಮಾಮೂಲಿ ಪಂಜರಕ್ಕಿಂತ ಸುಮಾರು ಇನ್ನೂರು ಪಟ್ಟು ಜಾಗ, ಆಡಲು ಚಕ್ರ, ಅಡಗಲು ಡಬ್ಬ, ಜೊತೆಗೆ ಹೆಣ್ಣು ಗಂಡು ಮರಿಗಳ ಸಂಸಾರ. ಒಂಟಿ ಪಂಜರದ ಇಲಿ ಸಿಹಿ ಬೆರೆಸಿದ ಮಾರ್ಫಿನ್ ನೀರನ್ನು ಕುಡಿಯುತ್ತಲೇ ಹೋಯಿತು, ಉದ್ಯಾನದ ಇಲಿಗಳು ಬಹುಪಾಲು ಸಾದಾ ನೀರನ್ನೇ ಆರಿಸಿಕೊಂಡವು. ಮುಂದೆ ಬೇರೆಯವರು ಈ ಪ್ರಯೋಗ ಮಾಡಿದಾಗ ಫಲಿತಾಂಶ ಎಲ್ಲೆಡೆ ಇಷ್ಟು ನಿಚ್ಚಳವಾಗಿ ಬರಲಿಲ್ಲ, ಅದನ್ನೂ ಹೇಳಬೇಕು. ಆದರೂ ಕೀಲಿಕೈ ಬೀಗಕ್ಕೆ ಹೊಂದಿತು ಎಂದಮಾತ್ರಕ್ಕೆ ಪ್ರಾಣಿಯ ಇಡೀ ನಡತೆ ಅದರ ಕೈಗೆ ಸಿಕ್ಕಿಬೀಳುವುದಿಲ್ಲ ಎಂದು ಆ ಇಲಿಗಳು ತೋರಿಸಿದವು. ಅರಳಿಮರಕ್ಕೆ ಹಾರಿದ ಗಿಳಿಯೂ ನನ್ನ ಮಟ್ಟಿಗೆ ಅದನ್ನೇ ತೋರಿಸಿತು.

ಬನಾರಸಿನಿಂದ ಮುಂದೆ ಗಂಗೆಯ ದಡದ ಗಾಜೀಪುರ. ನಿಲ್ದಾಣದಿಂದ ನೇರ ಇಲ್ಲಿನ ಅಫೀಮು ಕಾರ್ಖಾನೆಗೆ ಹೋಗಬೇಕೆಂದಿದ್ದವನನ್ನು ಒಂದು ಗುಮ್ಮಟ ತಡೆಯಿತು. ಊರವರು ಲಾಟ್ ಸಾಹೇಬರ ಮಕ್ಬರಾ ಎನ್ನುವ ಅದು ಲಾರ್ಡ್ ಕಾರ್ನ್‌ವಾಲಿಸನ ಸಮಾಧಿ! 1791ರಲ್ಲಿ ಬೆಂಗಳೂರು ಕೋಟೆ ಒಡೆದವನು, ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದವನು, 1805ರಲ್ಲಿ ಈ ಊರಿನಲ್ಲಿ ಸತ್ತು ಇಲ್ಲಿಯೇ ಮಣ್ಣಾದ. ಬೆಂಗಳೂರಿನ ಮಾರ್ಕೆಟ್ ಪಕ್ಕದ ಕೋಟೆಯಲ್ಲಿ ಅವನ ದಂಡು ಗೋಡೆ ಒಡೆದ ಜಾಗದ ಕಲ್ಲುಫಲಕವನ್ನು ಎಷ್ಟೋ ಸಲ ಹಾದುಹೋದವನಿಗೆ ಇದು ಎದುರುಗೊಂಡ ಪರಿಗೆ ಮಾತೇ ಹೊರಡಲಿಲ್ಲ. ಅಮೃತಶಿಲೆಯಲ್ಲಿ ಅವನಿಗಾಗಿ ಶೋಕಿಸುತ್ತ ನಿಂತ ಬ್ರಾಹ್ಮಣ, ಮುಸಲ್ಮಾನ ಆಕೃತಿಗಳಿವೆ. ಅವರ ಮುಖವನ್ನು ಬಹಳ ಹೊತ್ತು ನೋಡಿದೆ.

ಕಂಪನಿ ಸರ್ಕಾರ 1820ರಲ್ಲಿ ಶುರು ಮಾಡಿದ ಅಫೀಮು ಕಾರ್ಖಾನೆ ಗಂಗೆಯ ಪಕ್ಕಕ್ಕೇ ಇದೆ. ಎತ್ತರದ ಗೋಡೆ, ಕಾವಲು, ಒಳಗೆ ಪ್ರವೇಶವಿಲ್ಲ, ಫೋಟೋ ತೆಗೆಯುವಂತಿಲ್ಲ. ಗೋಡೆ ಯಾರಿಗಿದ್ದರೂ ಇಲ್ಲಿನ ಮಂಗಗಳಿಗಲ್ಲ. ಕಾರ್ಖಾನೆಯಿಂದ ಹರಿದುಬರುವ ಚರಂಡಿಯ ನೀರು ಕುಡಿದು ಇವು ಹಗಲೆಲ್ಲ ಬಿದ್ದುಕೊಂಡಿರುತ್ತವೆ, ಬೇರೆ ಊರಿನ ಮಂಗಗಳ ಹಾಗೆ ಕಿತಾಪತಿ ಮಾಡುವುದಿಲ್ಲ ಎಂಬುದು ಗಾಜೀಪುರದ ಹಳೆಯ ಖ್ಯಾತಿ. ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತು ನೋಡುತ್ತೇನೆ. ಹೌದು, ಗೋಡೆಯ ಮೇಲೆ ಐದಾರು ಮಂಗಗಳು ಕೈಕಾಲು ಇಳಿಬಿಟ್ಟು ಮಲಗಿವೆ. ಒಂದು ಇನ್ನೊಂದರ ಬೆನ್ನಿನ ಹೇನು ಹೆಕ್ಕುತ್ತಿದೆ. ಹೀಗೆ ಮೈ ಸವರಿಸಿಕೊಂಡ ಮಂಗದ ಮಿದುಳಿನಲ್ಲೂ ಅದರದೇ ಸ್ವಂತ ಅಫೀಮು ಏರುತ್ತದೆ. ಚರಂಡಿಯ ನೀರು ಯಾವುದು, ಹೇನು ಹೆಕ್ಕಿಸಿಕೊಂಡ ಸುಖ ಯಾವುದು ಎಂದು ಬೆಂಚಿನ ಮೇಲೆ ಕೂತವನು ಬೇರ್ಪಡಿಸಲಾರ.

"ನೋಡಿ ಬಾಬೂಜಿ, ಪೂರಾ ನಶೆಯಲ್ಲಿವೆ, ಪಾಪ, ಯಾರಿಗೂ ಏನೂ ಮಾಡುವುದಿಲ್ಲ" ಎಂದು ಅಂಗಡಿಯವನು ಬನ್ನಿನ ತಟ್ಟೆಯನ್ನು ನನ್ನ ಪಕ್ಕ ಇಟ್ಟು ಹಾಲು ಸೋಸಲು ತಿರುಗಿದ. ಹೆಚ್ಚು ಗಾಢವಾಗಿ ಮಲಗಿದ್ದ ದಡಿಯ ಗಂಡು ಮಂಗ ಒಂದೇ ನೆಗೆತಕ್ಕೆ ಗೋಡೆಯಿಂದ ತಗಡಿನ ಸೂರಿಗೆ, ಸೂರಿನಿಂದ ಬೆಂಚಿಗೆ ಇಳಿಯಿತು. ಎರಡು ಕೈಯಲ್ಲಿ ಎರಡು ಬನ್ನು, ಬಾಯಲ್ಲಿ ಮೂರನೆಯದು. ಅಂಗಡಿಯವನು ಸೋಸುವ ಬಟ್ಟೆಯನ್ನೇ ಬೀಸುತ್ತ, ಅದರ ಏಳು ತಲೆಮಾರಿನವರನ್ನೂ ಹೆಸರು ಹಿಡಿದು ಬೈಯುತ್ತ ಅಟ್ಟಿಸಿಕೊಂಡು ಹೋದ. ಮಲಗಿದ್ದ ಉಳಿದವೂ ಎದ್ದು ಅವನಿಗಿಂತ ಮುಂದೆ ಓಡುತ್ತಿವೆ, ಬನ್ನಿನಲ್ಲಿ ತಮಗೂ ಪಾಲು ಬೇಕೆಂದು.